ಕಟ್ಟೆಯ ಮೇಲೆ ಕೂರದ ಅಪ್ಪ

"ಮಗ ಡಿಗ್ರಿ ಮಾಡಿದ ಅಂತ ಸೊಕ್ಕ ಬಂತೇನ ಶಿವಣ್ಣ? ನಮ್ಮ ಜೋಡಿ ಕುಂಡ್ರೂದೇ ಇಲ್ಲ!" ನಮ್ಮೂರು ಇರಕಲ್ಲಗಡದ ಕಟ್ಟೆಯ ಮೇಲಿಂದ ಬಸಣ್ಣ ಕಾಕಾ ಕೆಣಕಿದರು. ಎಂದಿನಂತೆ ನಿಂತೇ ಇದ್ದ ನಮ್ಮಪ್ಪ ಅಷ್ಟೂ ಗಂಡಸರ ಮುಂದೆ ಹೇಳಿಬಿಟ್ಟರು:

"ಸೊಕ್ಕಲ್ಲೋ ಬಸಣ್ಣ. ಮೂತ್ರಚೀಲದ ಕೆಳಗ ಗಂಡಸರಿಗೆ ಪ್ರಾಸ್ಟೇಟ್ ಅಂತ ಗ್ರಂಥಿ ಇರ್ತೈತಿ, ಅದಕ್ಕ ಬಾವು ಬಂದೈತಿ. ಕುಂತ್ರ ನೋವು, ಉಚ್ಚಿ ಹೊಯ್ದ್ರ ಉರಿ. ಮೈಯಾಗಿನ ಕಾವು ಅಂತ ತಿಳದು ವರ್ಷಗಟ್ಟಲೆ ನೆತ್ತಿಗೆ ಔಡಲೆಣ್ಣಿ ಹಚಗೊಂಡೆ. ಈಗ ಕೊಪ್ಪಳದ ಡಾಕ್ಟರ ಔಷಧ ನಡದೈತಿ."

ಒಬ್ಬರೂ ನಗಲಿಲ್ಲ. ಬಸಣ್ಣ ಕಾಕಾ ಮೆಲ್ಲಗೆ ಕಟ್ಟೆಯಿಂದ ಇಳಿದು ಅಪ್ಪನ ಪಕ್ಕ ನಿಂತರು. "ನನಗೂ ಹಂಗ ಐತಿ ಅಣ್ಣ. ನನ್ನೂ ಕರಕೊಂಡು ಹೋಗು."

ನಮ್ಮ ಮನೆತನದ ಮೊದಲ ಪದವೀಧರ ನಾನು. ಡಾಕ್ಟರ ಚೀಟಿಯಲ್ಲಿದ್ದ ಆ ಕಾಯಿಲೆಯ ಹೆಸರನ್ನು ಅಪ್ಪನಿಗೆ ಓದಿ ಹೇಳಿದವನೂ ನಾನೇ. ಅದನ್ನು ಊರ ಕಟ್ಟೆಯಲ್ಲಿ ಹೇಳುವ ಎದೆ ಮಾತ್ರ ಅಪ್ಪನದು. ಮರುದಿನ ಕೊಪ್ಪಳದ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಇಬ್ಬರೂ ಕಂಬಿ ಹಿಡಿದು ನಿಂತೇ ಹೋದರು.