ಎಣ್ಣೆ ಹಚ್ಚಬಾರದ ಕಬ್ಬಿಣ

ನಮ್ಮ ಮನೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಇದ್ದದ್ದು ನನಗೆ ಮಾತ್ರ. ಊರಿನಲ್ಲಿ ಸೈಕಲ್ಲಿನ ಹ್ಯಾಂಡಲ್ ಕೂಡ ಹಿಡಿದವಳಲ್ಲ ನಾನು. ದುಬೈಗೆ ಬಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡನೇ ರೋಡ್ ಟೆಸ್ಟಿಗೇ ಪಾಸಾದೆ. ನನ್ನ ಗಂಡ ಹಾಗಲ್ಲ. ಮೀಸೆ ಮೂಡುವ ಮೊದಲೇ ಮಾವನ ಜೀಪನ್ನು ಘಾಟಿ ಹತ್ತಿಸಿದವರು. ಆ ಜೀಪಿನ ಕತೆ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಇಲ್ಲಿಯ ಪರೀಕ್ಷಕರಿಗೆ ಮಾತ್ರ ಅದರ ಮೇಲೆ ಯಾವ ಗೌರವವೂ ಇರಲಿಲ್ಲ, ಪ್ರತಿ ಸಲವೂ ಫೇಲ್ ಮಾಡಿದರು. ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದು ಹೊರಗೆ ಬಂದರೆ ನಮ್ಮ ಕಡೆಯವರು ‘ಹೇಗಿದ್ದೀರಿ’ ಎನ್ನುವ ಮೊದಲು ‘ಎಷ್ಟನೇ ಟೆಸ್ಟ್’ ಎಂದು ಕೇಳುತ್ತಿದ್ದರು. ಒಂದು ದಿನ ಇವರು ಡ್ರೈವಿಂಗ್ ಸ್ಕೂಲಿನ ಫೈಲನ್ನು ಕಪಾಟಿನ ಮೇಲೆ ಎಸೆದು ಖಲಾಸ್ ಅಂದರು. ಆಮೇಲೆ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ಸ್ಟಿಯರಿಂಗ್ ಹಿಡಿಯುವವಳು ನಾನು. ಯಾವ ಲೇನು, ಎಷ್ಟು ಸ್ಪೀಡು ಎಂದು ಪಕ್ಕದ ಸೀಟಿನಿಂದ ಹೇಳುವವರು ಇವರು.

ಹೀಗಿರುವಾಗ ಕ್ಯಾರವಾನ್ ಬಂತು. ಇವರ ಆಫೀಸಿನ ಯುರೋಪಿನ ಮ್ಯಾನೇಜರ್ ದೇಶ ಬಿಟ್ಟು ಹೊರಟಿದ್ದ. ಕಾರಿಗೆ ಕಟ್ಟಿ ಎಳೆಯುವ ಅವನ ಹಳೆಯ ಕ್ಯಾರವಾನನ್ನು ಕೊಳ್ಳುವವರು ಸಿಗಲಿಲ್ಲ. ನೀನೇ ಇಟ್ಟುಕೋ ಎಂದು ಇವರಿಗೆ ಕೊಟ್ಟುಬಿಟ್ಟ. ನಾವಿದ್ದದ್ದು ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ನಮ್ಮ ಕಾರು ನಿಲ್ಲಿಸುವುದಕ್ಕೇ ಜಾಗ ಸಿಗದ ಬ್ಲಾಕಿನಲ್ಲಿ. ಅದನ್ನು ಎಲ್ಲಿಡುತ್ತೀರಿ ಎಂದರೆ, ಇಡುವುದು ಯಾಕೆ, ಹೊರಡುವುದೇ ಎಂದರು. ಈದ್ ರಜೆಗೆ ಅಬುಧಾಬಿಯಾಚೆ ಮಿರ್ಫಾದ ಕಡಲತಡಿಗೆ ಹೋಗಬೇಕಂತೆ. ಮೀನುಗಾರರ ಕೇರಿಯ ಪಕ್ಕದಲ್ಲಿ ಹುಟ್ಟಿದ ಮನುಷ್ಯ. ರಜೆ ಬಂದಾಗಲೆಲ್ಲ ಮಾಲ್ ಸುತ್ತಿ ಸುತ್ತಿ ಅವರಿಗೆ ಸಾಕಾಗಿತ್ತು. ನನ್ನ ಇಬ್ಬರು ಹೆಣ್ಣುಮಕ್ಕಳು ಆಗಲೇ ಕ್ಯಾರವಾನಿನೊಳಗೆ ಯಾರ ಮಂಚ ಯಾವುದು ಎಂದು ಜಗಳ ಶುರು ಮಾಡಿದ್ದರು. ನಾನು ಮಾತ್ರ ಆ ಸಂಭ್ರಮಕ್ಕೆ ಸೇರಲಿಲ್ಲ, ಏಕೆಂದರೆ ಎಳೆಯಬೇಕಾದವಳು ನಾನು.

ಮ್ಯಾನೇಜರ್ ಹೋಗುವಾಗ ಒಂದು ಮಾತು ಹೇಳಿದ್ದ: ಕ್ಯಾರವಾನ್ ಓಲಾಡದಂತೆ ಹಿಡಿಯುವ ಹಳೆಯ ಸ್ಟೆಬಿಲೈಸರ್ ಸವೆದಿದೆ, ಹೊಸದು ಹಾಕದೆ ಹೈವೇಗೆ ಇಳಿಸಬೇಡಿ, ಬಾಲ ಅಲ್ಲಾಡಿಸುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಸ್ಟೆಬಿಲೈಸರ್, ತಿಂಡಿಗೆ ಸ್ಟೆಬಿಲೈಸರ್. ದೇರಾದಲ್ಲಿ ಸ್ಪೇರ್ ಪಾರ್ಟ್ಸ್ ವ್ಯಾಪಾರ ಮಾಡುತ್ತಿದ್ದ ಇವರ ಗೆಳೆಯರೊಬ್ಬರಿದ್ದರು, ಉಡುಪಿ ಕಡೆಯ ಬ್ಯಾರಿ. ಅವರು ಬಂದು ಕೂತರೆ ಇಬ್ಬರೂ ಸೋಫಾದ ಮೇಲೆ ರಿಮೋಟನ್ನು ಕ್ಯಾರವಾನ್ ಮಾಡಿ, ಮೊಬೈಲನ್ನು ಕಾರು ಮಾಡಿ ಎಳೆದೆಳೆದು ನೋಡುತ್ತಿದ್ದರು. ನಾನು ಚಹಾ ಕೊಟ್ಟು ನಿಂತಿರುತ್ತಿದ್ದೆ. ನಿನಗೇನನಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ನನಗೆ ಹೆದರಿಕೆಯಾಗುತ್ತದೆ ಎನ್ನುತ್ತಿದ್ದೆ. ಅದೊಂದೇ ನನ್ನ ಅಭಿಪ್ರಾಯವಾಗಿತ್ತು.

ಅಲ್ ಕೂಜ್‌ನ ಅಂಗಡಿಗೆ ನಾನೇ ಕಾರು ಓಡಿಸಿಕೊಂಡು ಹೋದೆ. ಸೇಲ್ಸ್‌ಮನ್ ಮೂರು ಬಗೆಯವು ತೋರಿಸಿದ. ಒಂದು, ಕಾರಿಗೂ ಕ್ಯಾರವಾನಿಗೂ ಸೇರಿಸಿ ಕಟ್ಟುವ ಉದ್ದದ ಕಬ್ಬಿಣದ ಪಟ್ಟಿ. ಇನ್ನೊಂದು, ಕ್ಯಾರವಾನ್ ಅಲ್ಲಾಡತೊಡಗಿದರೆ ತಾನಾಗಿಯೇ ಅದರ ಬ್ರೇಕ್ ಹಿಡಿಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಮತ್ತೊಂದು, ಕಾರಿನ ಹಿಂದೆ ಕ್ಯಾರವಾನಿನ ಕೊಂಡಿ ಕೂರುವ ಉಕ್ಕಿನ ಗುಂಡನ್ನು ಎರಡು ಪ್ಯಾಡುಗಳ ನಡುವೆ ಬಿಗಿಯಾಗಿ ಅಮುಕಿ ಹಿಡಿಯುವಂಥದು. ಓಡಿಸುವವರು ಯಾರು ಎಂದು ಅವನು ಕೇಳಿದ. ಇವರು ‘ನಾವು’ ಅಂದರು. ಆಮೇಲೆ ಅವನು ಪೂರ್ತಿ ಇವರ ಮುಖ ನೋಡಿಯೇ ಮಾತಾಡಿದ.

ನನಗೆ ಬೇಕಾಗಿದ್ದದ್ದು ಆ ಎಲೆಕ್ಟ್ರಾನಿಕ್ ಪೆಟ್ಟಿಗೆ. ನಾನು ಬೆಚ್ಚಿಬಿದ್ದರೂ ಅದು ಬೀಳುವುದಿಲ್ಲವಲ್ಲ ಎನ್ನುವ ಧೈರ್ಯ. ಮೆಲ್ಲಗೆ ಹೇಳಿಯೂ ನೋಡಿದೆ. ಅದು ಕೈಕೊಟ್ಟರೆ ಕೈಕೊಟ್ಟದ್ದೂ ಗೊತ್ತಾಗುವುದಿಲ್ಲ ಎಂದರು ಇವರು. ಅವರ ಕಣ್ಣು ಆಗಲೇ ಆ ಗುಂಡು ಹಿಡಿಯುವ ಸ್ಟೆಬಿಲೈಸರ್ ಮೇಲಿತ್ತು. ಅದಕ್ಕೊಂದು ಕೆಂಪು ಹಿಡಿ ಇತ್ತು. ಹೊರಡುವ ಮೊದಲು ಪ್ರತಿ ಸಲ ಯಾರಾದರೂ ಬಗ್ಗಿ ಅದನ್ನು ಎಳೆದು ಬಿಗಿಯಬೇಕು. ಪೆಟ್ಟಿಗೆಯಾದರೆ ಇವರಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಇದು ನನಗೆ ಅಲ್ಲೇ ಹೊಳೆಯಿತು, ಹೊಳೆದ ಮೇಲೆ ಬಾಯಿ ಕಟ್ಟಿತು. ಗಂಡಸಿನ ಕೈಯಿಂದ ಸ್ಟಿಯರಿಂಗನ್ನು ಈ ದೇಶ ಕಿತ್ತುಕೊಂಡಿದೆ, ಆ ಹಿಡಿಯನ್ನೂ ನಾನು ಹೇಗೆ ಕಿತ್ತುಕೊಳ್ಳಲಿ?

ಸೇಲ್ಸ್‌ಮನ್ ಕೊನೆಗೆ ಎರಡು ಮಾತು ಒತ್ತಿ ಹೇಳಿದ. ಗುಂಡು ಒಣಗಿರಬೇಕು, ಎಣ್ಣೆ, ಗ್ರೀಸ್ ಏನೂ ಸೋಕಬಾರದು. ತಿರುವಿನಲ್ಲಿ ಕಿರ್ ಎಂದು ಸದ್ದು ಬರುತ್ತದೆ, ಬರಲಿ. ಅದು ಹಿಡಿದುಕೊಂಡಿದೆ ಎಂದೇ ಅರ್ಥ. ನಾನು ಒಂದೇ ಪ್ರಶ್ನೆ ಕೇಳಿದೆ, ಇದಿದ್ದೂ ಅಲ್ಲಾಡಿದರೆ ಏನು ಮಾಡಬೇಕು ಎಂದು. ಏನೂ ಮಾಡಬಾರದು ಎಂದ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗ್ ನೇರ ಹಿಡಿದು ಸುಮ್ಮನೆ ಕೂರಬೇಕು, ಹೆದರಿ ಬ್ರೇಕ್ ಒತ್ತಿದವರೇ ಮಗುಚುವುದು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆ ಕೆಂಪು ಹಿಡಿಯದನ್ನೇ ಕೊಂಡು ಅಂಗಡಿಯಿಂದ ವಾಪಸ್ಸು ಬರುವ ದಾರಿಯಲ್ಲೇ ಇವರ ಗೊಣಗಾಟ ಶುರುವಾಗಿತ್ತು. “ಕಬ್ಬಿಣಕ್ಕೆ ಎಣ್ಣೆ ಹಾಕ್ಲಿಕ್ಕಿಲ್ಲ ಅಂದ್ರೆ ಎಂಥದು ಮಾರಾಯ್ತಿ?” ಅಂದರು. ಇವರದು ತಪ್ಪೆನ್ನುವಂತಿಲ್ಲ. ಕಡಲ ಗಾಳಿಯಲ್ಲಿ ಕಿಟಕಿಯ ಸರಳು, ಬಾಗಿಲ ಚಿಲಕ, ಬಾವಿಯ ರಾಟೆ ಎಲ್ಲವೂ ಕಣ್ಣೆದುರೇ ತುಕ್ಕು ತಿಂದು ಉದುರುವುದನ್ನು ಕಂಡವರು. ಕಿರುಗುಟ್ಟಿದ್ದಕ್ಕೆಲ್ಲ ಎಣ್ಣೆ ಬಿಡುವುದು ಅವರಿಗೆ ಮುಖ ತೊಳೆದಷ್ಟೇ ಸಹಜ. ಇಲ್ಲಿಯೂ ನಮ್ಮ ಫ್ಲ್ಯಾಟಿನ ಒಂದು ಬಾಗಿಲೂ ಸದ್ದು ಮಾಡುತ್ತಿರಲಿಲ್ಲ. ಬೇಡ ಅಂದಿದ್ದಾನಲ್ಲ, ಬೇಡ ಎಂದು ನಾನು ಎರಡು ಸಲ ಹೇಳಿದೆ. ಆಯ್ತು ಮಾರಾಯ್ತಿ ಅಂದರು.

ರಜೆಯ ಮೊದಲ ದಿನ ಬೆಳಿಗ್ಗೆ ಹೊರಟೆವು. ಇವರು ಬಗ್ಗಿ ಹಿಡಿ ಎಳೆದು ಬಿಗಿದು, ಕೈ ಒರೆಸಿಕೊಂಡು, ಮದುವೆ ಮನೆಯ ಯಜಮಾನನ ಗತ್ತಿನಲ್ಲಿ ಯಲ್ಲಾ, ಹೊರಡುವ ಅಂದರು. ಹಿಂದಿನ ವಾರ ಬ್ಲಾಕಿನ ಸುತ್ತ ಅಭ್ಯಾಸ ಮಾಡುವಾಗ ತಿರುವು ತಿರುವಿಗೂ ಕಿರ್ರೆಂದಿತ್ತು. ಅವತ್ತು ಒಂದು ಸದ್ದೂ ಇಲ್ಲ. ಹೊಸದರ ಬಿಗುವು ಬಿಟ್ಟಿರಬೇಕು ಎಂದುಕೊಂಡೆ. ಅಬುಧಾಬಿಯ ದಾರಿ ಸುಸೂತ್ರವಾಗಿ ಸಾಗಿತು. ನಗರಕ್ಕೆ ಹೋಗದೆ ಮಫ್ರಕ್ ದಾಟಿ ಪಶ್ಚಿಮದ ರಸ್ತೆ ಹಿಡಿದೆವು. ಸೌದಿ ಗಡಿಗೆ ಹೋಗುವ ಟ್ರಕ್ಕುಗಳು ಸಾಲುಗಟ್ಟಿದ್ದವು. ಇವರು ಏನೋ ಹಾಡು ಗುನುಗುತ್ತಿದ್ದರು. ನನಗೂ ಚೂರು ಧೈರ್ಯ ಬಂದಿತ್ತು.

ಆಗ ಎಡಬದಿಯಿಂದ ಬಸ್ಸೊಂದು ಭರ್ರನೆ ಹಾದುಹೋಯಿತು. ಅದರ ಗಾಳಿ ನಮ್ಮನ್ನು ಮೊದಲು ಆಚೆ ನೂಕಿ ಆಮೇಲೆ ಈಚೆ ಎಳೆದಂತಾಯಿತು. ಅಷ್ಟೇ. ಹಿಂದಿನಿಂದ ಕ್ಯಾರವಾನ್ ಕಾರಿನ ಸೊಂಟ ಹಿಡಿದು ಅಲ್ಲಾಡಿಸತೊಡಗಿತು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ, ಸಲ ಸಲವೂ ಇನ್ನಷ್ಟು ಜೋರಾಗಿ. ಕನ್ನಡಿಯಲ್ಲಿ ಅದರ ಬಿಳಿ ಮೈ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಇಣುಕುತ್ತಿತ್ತು. ಇವರು ಬ್ರೇಕ್ ಬ್ರೇಕ್ ಎಂದು ಕಿರುಚಿದರು. ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಕಿರುಚಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಕಾಲು ತೆಗೆದು ಸ್ಟಿಯರಿಂಗ್ ಹಿಡಿದು ಏನೂ ಮಾಡದೆ ಕೂತೆ. ಪ್ರಾಣ ಹೋಗುವಾಗ ಏನೂ ಮಾಡದೆ ಕೂರುವುದಕ್ಕಿಂತ ಕಷ್ಟದ ಕೆಲಸ ನಾನು ಈವರೆಗೆ ಮಾಡಿಲ್ಲ. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಮಕ್ಕಳು ಹಿಂದೆ ಇದ್ದಾರೆ, ಮಕ್ಕಳು ಹಿಂದೆ ಇದ್ದಾರೆ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು. ಸ್ಪೀಡು ಇಳಿಯುತ್ತ ಇಳಿಯುತ್ತ ಅಲ್ಲಾಟವೂ ಇಳಿದು ಕಾರು ನನ್ನ ಕೈಗೆ ವಾಪಸ್ಸು ಬಂತು. ಹತ್ತಿರದಲ್ಲೇ ಪೆಟ್ರೋಲ್ ಬಂಕ್ ಇತ್ತು, ತೆವಳುತ್ತ ಹೋಗಿ ನಿಲ್ಲಿಸಿದೆ.

ಇಳಿದು ಹಿಂದೆ ಹೋಗಿ ನೋಡಿದೆ. ಇವರು ಹಿಡಿ ಬಿಚ್ಚಿ ಕೊಂಡಿ ಎತ್ತಿದರು. ಉಕ್ಕಿನ ಗುಂಡು ಗ್ರೀಸಿನಿಂದ ಮಿರಮಿರ ಮಿಂಚುತ್ತಿತ್ತು.

“ಸೌಂಡ್ ಬರ್ತಿತ್ತಲ್ಲ,” ಅಂದರು ಇವರು, ನನ್ನ ಮುಖ ನೋಡದೆ. “ಪ್ರತಿ ಸಲ ನೀನು ಬೆಚ್ಚಿಬೀಳ್ತಿದ್ದೆ. ನಿನಗೆ ಹೆದ್ರಿಕೆ ಆಗುದು ಬೇಡ ಅಂತ.”

ನನ್ನ ಹೆದರಿಕೆ ಅವರಿಗೆ ಕಂಡಿತ್ತು ಹಾಗಾದರೆ. ನಾನು ಹೇಳದಿದ್ದರೂ ಕಂಡಿತ್ತು. ಅದಕ್ಕೆ ಅವರಿಗೆ ಗೊತ್ತಿದ್ದ ಮದ್ದು ಅದೊಂದೇ.

ಗುಂಡನ್ನು ಒರೆಸಬಹುದಿತ್ತು, ಒರೆಸಿದೆವು. ಪ್ಯಾಡುಗಳು ಗ್ರೀಸ್ ಕುಡಿದುಬಿಟ್ಟಿದ್ದವು, ಅವಕ್ಕೆ ಏನೂ ಮಾಡುವಂತಿರಲಿಲ್ಲ. ಕ್ಯಾರವಾನನ್ನು ಅಲ್ಲೇ ಬಿಟ್ಟುಹೋಗಲು ಬಂಕಿನವನು ಒಪ್ಪಲಿಲ್ಲ. ಹಬ್ಬದ ದಿನ ರಿಕವರಿ ಗಾಡಿಯವರು ಫೋನೆತ್ತಲಿಲ್ಲ. ಇವರು ಫೋನನ್ನು ಕಿಸೆಗೆ ಹಾಕಿ, “ಈಗ ಎಂಥ ಮಾಡುವ, ನೀನೇ ಹೇಳು,” ಅಂದರು. ಇಷ್ಟು ದಿನ ನಾನು ಕಾದಿದ್ದ ಪ್ರಶ್ನೆ. ಉತ್ತರವೇ ಉಳಿದಿಲ್ಲದ ಹೊತ್ತಿನಲ್ಲಿ ಬಂತು. ಮುಂದೆ ಹೋದರೂ ಹಿಂದೆ ಹೋದರೂ ಅದನ್ನು ಎಳೆಯಲೇಬೇಕು, ಎಳೆಯಬೇಕಾದವಳು ನಾನೇ.

ಅಬುಧಾಬಿಯ ಕಡೆಗೆ ವಾಪಸ್ಸು ಹೋದರೆ ಮುಸಫ್ಫಾದಲ್ಲಿ ಇಗರ್ಜಿಯ ಪರಿಚಯದವರ ವರ್ಕ್‌ಶಾಪಿನ ಅಂಗಳವಿತ್ತು. ಅಲ್ಲಿ ಇಡಬಹುದು ಎಂದು ಫೋನಿನಲ್ಲಿ ಹೇಳಿದರು. ನೀವು ಮಕ್ಕಳನ್ನು ಕರಕೊಂಡು ಟ್ಯಾಕ್ಸಿಯಲ್ಲಿ ಬನ್ನಿ, ನಾನೊಬ್ಬಳೇ ತರುತ್ತೇನೆ ಅಂದೆ. ಇವರು ಕೇಳಲಿಲ್ಲ, ನಾನೂ ನಿನ್ನ ಜೊತೆ ಕೂರುತ್ತೇನೆ ಎಂದು ಕಾರಿನ ಬಾಗಿಲು ತೆಗೆದರು. ಮಕ್ಕಳ ಜೊತೆ ಯಾರು ಎಂದು ಕೇಳಿದೆ. ಬಾಗಿಲಿನ ಮೇಲಿನ ಕೈ ಹಾಗೇ ನಿಂತಿತು. ನನ್ನ ಬದಲಿಗೆ ಓಡಿಸಲು ಅವರಿಗಾಗದು, ನನ್ನ ಜೊತೆ ಅಪಾಯದಲ್ಲಿ ಕೂರಲೂ ಆಗದು. ಇಬ್ಬರಿಗೂ ಅದು ಗೊತ್ತಾಯಿತು. ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

ಬಲಗಡೆಯ ಲೇನಿನ ಅಂಚು ಹಿಡಿದು ನಿಧಾನಕ್ಕೆ ಹೊರಟೆ. ಹಿಂದಿನ ಟ್ರಕ್ಕುಗಳು ಹಾರ್ನ್ ಹೊಡೆದು ಹೊಡೆದು ದಾಟಿಹೋದವು, ಪ್ರತಿಯೊಂದಕ್ಕೂ ನನ್ನ ಬೆನ್ನು ಬೆವರಿತು. ಟ್ಯಾಕ್ಸಿ ಹಿಂದೆಯೇ ಬರುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ, ಕನ್ನಡಿ ತುಂಬ ಕ್ಯಾರವಾನೇ. ಇವರಿಗೆ ಬೈಯಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತ ಹೋದೆ. ಅದೊಂದು ನನ್ನನ್ನು ಎಚ್ಚರವಾಗಿಟ್ಟಿತು. ಮುಸಫ್ಫಾ ಮುಟ್ಟಿ ಅಂಗಳದಲ್ಲಿ ಎಂಜಿನ್ ಆರಿಸುವಾಗ ಮಾತುಗಳು ತಯಾರಾಗಿದ್ದವು.

ಟ್ಯಾಕ್ಸಿ ಬೆನ್ನಿಗೇ ಬಂದು ನಿಂತಿತು. ಮಕ್ಕಳು ಇಳಿದು ಓಡಿ ಬಂದರು. ಇವರು ಮುಂದಿನ ಸೀಟಿನಿಂದ ಒಂದು ಕಾಲು ಹೊರಗಿಟ್ಟವರು ಹಾಗೇ ಬಾಗಿಲು ಹಿಡಿದು ನಿಂತುಬಿಟ್ಟರು. ಬಲಗಾಲು ಊರಲಾಗುತ್ತಿರಲಿಲ್ಲ, ಮೀನಖಂಡ ಕಲ್ಲಾಗಿತ್ತು. ದೊಡ್ಡವಳು ಇಂಗ್ಲಿಷಿನಲ್ಲಿ ಹೇಳಿದಳು: ಪಪ್ಪಾ ಪೂರ್ತಿ ದಾರಿ ನಿನ್ನ ಕ್ಯಾರವಾನ್ ನೋಡುತ್ತ ಬ್ರೇಕ್ ಒತ್ತುವ ಹಾಗೆ ಟ್ಯಾಕ್ಸಿಯ ನೆಲವನ್ನು ಕಾಲಿನಿಂದ ಒತ್ತುತ್ತಲೇ ಇದ್ದರು, ಡ್ರೈವರ್ ಅಂಕಲ್ ಬೇಡ ಎಂದರೂ ಬಿಡಲಿಲ್ಲ.

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಹೋಗಿ ನನ್ನ ಹೆಗಲು ಕೊಟ್ಟೆ. ಇವರು ತಮ್ಮ ಪೂರ್ತಿ ಭಾರ ಅದರ ಮೇಲೆ ಬಿಟ್ಟರು.