ಮಾದಪ್ಪ ಹೇಳಿದ ಆಟ, ಶಿವಮ್ಮ ಕಂಡ ಆಟ

ಬೆಳಿಗ್ಗೆ ಆರೂವರೆಯ ಹುಣಸೂರು ಬಸ್ಸು ಹತ್ತಿದಾಗ ನನ್ನ ಕೋಟಿನ ಒಳಜೇಬಿನಲ್ಲಿ ಒಂದು ಮೂಗರ್ಜಿ ಇತ್ತು. ‘ಹುಣಸೂರಿನ ಮಾದಪ್ಪ ಮೈಕಿನಲ್ಲಿ ಹೇಳುವ ಆಟ ಅವರು ನೋಡಿದ ಆಟ ಅಲ್ಲ. ರೇಡಿಯೋದವರು ಮೋಸ ಹೋಗಬೇಡಿ’ ಎಂದಷ್ಟೇ ಅದರಲ್ಲಿತ್ತು. ಕೆಳಗೆ ಹೆಸರಿಲ್ಲ, ಊರಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನ ಒಂದು ರೇಡಿಯೋ ಕೇಂದ್ರದಲ್ಲಿ ಸಹಾಯಕನಾಗಿದ್ದೆ. ಫುಟ್‌ಬಾಲ್ ಆಟವನ್ನು ಕನ್ನಡದಲ್ಲಿ ಹೇಳಿಸಿ ಬಿತ್ತರಿಸಬೇಕೆಂಬ ಆಸೆ ನಮ್ಮ ಅಧಿಕಾರಿಗಳಿಗೆ ಹುಟ್ಟಿತ್ತು. ವಿಚಾರಿಸಿದಾಗ ಎಲ್ಲರೂ ಹೇಳಿದ ಹೆಸರು ಮಾದಪ್ಪನದು. ಹಿಂದೆ ತಾನೇ ಆಡುತ್ತಿದ್ದವನು, ಮೊದಲು ತಗಡಿನ ಕಹಳೆಯಲ್ಲಿ, ಆಮೇಲೆ ಮೈಕಿನಲ್ಲಿ ಹತ್ತು ವರ್ಷಗಳಿಂದ ಊರೂರ ಆಟ ಹೇಳುತ್ತ ಬಂದವನು. ಅವನಿಗೆ ಕಾಗದ ಬರೆದು ಒಪ್ಪಿಗೆಯನ್ನೂ ತರಿಸಿಕೊಂಡೆವು. ಅದರ ಬೆನ್ನಿಗೇ ಮೂಗರ್ಜಿ ಬಂತು. ‘ನೀನು ಯಾರೆಂದು ಹೇಳಬೇಡ. ನಾಲ್ಕು ಊರಿನಲ್ಲಿ ಅವನ ಹಿಂದೆ ತಿರುಗಿ ನೋಡಿ ಬಾ’ ಎಂದು ಅಧಿಕಾರಿಗಳು ನನ್ನನ್ನು ಅಟ್ಟಿದರು.

ಹುಣಸೂರಿಗೆ ಇಪ್ಪತ್ತೆಂಟು ಮೈಲಿ, ಹದಿಮೂರಾಣೆ. ಮಾಗಿಯ ಚಳಿ, ಕಿಟಕಿಗೆ ಗಾಜಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ವಾಸನೆ ಮೂಗಿಗೆ ಬಡಿದಾಗಲೇ ಊರು ಬಂತೆಂದು ತಿಳಿಯಿತು. ಹೋಟೆಲಿನಲ್ಲಿ ದೋಸೆ ತಿಂದು ಮಾದಪ್ಪನನ್ನು ವಿಚಾರಿಸಿದೆ. ಹೋಟೆಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವ ಇಲಾಖೆ ಸ್ವಾಮಿ?” ಎಂದ. ಮೈಸೂರಿನಲ್ಲಿ ಚೆಂಡು ಮಾರುವವನು ಎಂದೆ. ಅವನು ನಂಬಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಆಟ. ಮೈದಾನದ ಪಕ್ಕದಲ್ಲಿ ಮೇಜು, ಮೈಕು. ಐವತ್ತರ ಹತ್ತಿರದ ಮಾದಪ್ಪ ಹಣೆಗೆ ವಿಭೂತಿ ಬಳಿದುಕೊಂಡು ನೆಟ್ಟಗೆ ಕುಳಿತಿದ್ದ. ಅವನ ಹಿಂದೆ, ಭುಜಕ್ಕೆ ತಾಗುವಷ್ಟು ಹತ್ತಿರ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ಹೆಂಡತಿ ಶಿವಮ್ಮ ಎಂದು ಯಾರೋ ಹೇಳಿದರು. ಎಲೆಯಡಿಕೆ ಜಗಿಯುವಂತೆ ಅವಳ ಬಾಯಿ ಒಂದೇ ಸಮನೆ ಅಲುಗುತ್ತಿತ್ತು. ಆದರೆ ಒಮ್ಮೆಯೂ ಉಗುಳಲಿಲ್ಲ.

ಬಾಜಿ ಕಟ್ಟಿದವರು ಇವಳ ಮೂಲಕ ಏನೋ ಹೇಳಿಸುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಆಟ ಮುಗಿದ ಮೇಲೆ ಹೋಗಿ ಪರಿಚಯ ಹೇಳಿಕೊಂಡೆ.

“ಚೆಂಡು ಮಾರೋರು ಅಂದ್ರಿ. ಒಳಗಿನ ಬ್ಲಾಡರು ಈಗ ಏನು ಬೆಲೆ ಸ್ವಾಮಿ?” ಎಂದ ಮಾದಪ್ಪ.

ಬಾಯಿಗೆ ಬಂದ ಬೆಲೆ ಹೇಳಿದೆ. ಬೆಲೆ ತಪ್ಪೆಂಬಂತೆ ಶಿವಮ್ಮ ನನ್ನನ್ನು ದಿಟ್ಟಿಸಿದಳು. ಆ ನೋಟ ನನಗೆ ಹಿತವಾಗಲಿಲ್ಲ.

ಮರುದಿನ ಪಿರಿಯಾಪಟ್ಟಣ. ಕೊಡಗಿನ ಕಡೆಯಿಂದ ಬಂದ ತಂಡ ಕೆಂಪಂಗಿ, ಊರಿನವರದು ಬಿಳಿ. ಆಟಕ್ಕೆ ಮುಂಚೆ ನಾನು ಹತ್ತು ಮಾರು ದೂರದಲ್ಲಿ ನಿಂತು ಮಾದಪ್ಪನಿಗೆ ಕೈ ಮುಗಿದೆ. ಅವನು ನನ್ನತ್ತಲೇ ಮುಖ ಮಾಡಿದ್ದರೂ ಕೈ ಮುಗಿಯಲಿಲ್ಲ. ಶಿವಮ್ಮ ಬಗ್ಗಿ ಏನೋ ಅಂದಳು. ತಕ್ಷಣ ಅವನ ಎರಡೂ ಕೈ ಮೇಲೆದ್ದವು.

ನಾನು ಹಿಂದಿನಿಂದ ಸುತ್ತಿ ಹೋಗಿ, ಮೈಕಿನ ಬ್ಯಾಟರಿ ಇಟ್ಟಿದ್ದ ಪೆಟ್ಟಿಗೆಯ ಪಕ್ಕ ಕುಳಿತೆ. ಆಗ ಶಿವಮ್ಮನ ಪಿಸುಮಾತು ಕೇಳಿಸಿತು.

“ಕೆಂಪು. ಎಡಗಡೆ. ಕುಳ್ಳ. ಇಬ್ರು ಅಡ್ಡ ಬಂದ್ರು. ತಪ್ಪಿಸ್ದ.”

ಮೈಕಿನಲ್ಲಿ ಮಾದಪ್ಪನ ದನಿ ಏರಿತು: “ನೋಡಿ ನೋಡಿ, ಎಡದ ಅಂಚಿನಲ್ಲಿ ಬರ್ತಾವ್ನೆ ನಮ್ಮ ಕೆಂಪಂಗಿ ಕುಳ್ಳಪ್ಪ! ಇಬ್ರು ಬಾಗ್ಲು ಹಾಕಿದ್ರು. ಸಂದೀಲೇ ನುಸುಳ್ಬುಟ್ಟ ಕಣ್ರಪ್ಪೋ!” ಮೈದಾನದ ಸುತ್ತ ಜನ ಕುಣಿದರು.

ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮೂಗರ್ಜಿ ನಿಜ ಹೇಳಿತ್ತು. ಕಳ್ಳನನ್ನು ಹಿಡಿದಷ್ಟು ಸಂತೋಷ ನನಗಾಯಿತೆಂದು ಒಪ್ಪಿಕೊಳ್ಳಬೇಕು.

ಮೂರನೆಯ ದಿನ ಕೃಷ್ಣರಾಜನಗರಕ್ಕೆ ಹೋಗುವ ನೇರ ಬಸ್ಸು ತಪ್ಪಿತು. ಚುಂಚನಕಟ್ಟೆ ಸುತ್ತಿಕೊಂಡು ಹೋಗುವ ಬಸ್ಸಿನಲ್ಲಿ ಮೂವರೂ ಒಟ್ಟಿಗೇ ಸಿಕ್ಕಿಕೊಂಡೆವು. ಚುಂಚನಕಟ್ಟೆಯಲ್ಲಿ ಬಸ್ಸು ಬದಲಿಸಲು ಒಂದು ಗಂಟೆ ಕಾಯಬೇಕಿತ್ತು. ಕಾವೇರಿಯ ಕಟ್ಟೆಯ ಮೇಲಿಂದ ನೀರು ಬೀಳುತ್ತಿತ್ತು. ಶಿವಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟಳು. ತಿಂದು ಕೈ ತೊಳೆದ ಮೇಲೆ ನಾನು ಜೇಬಿನಿಂದ ಕಾಗದ ತೆಗೆದು ಮಾದಪ್ಪನ ಕೈಗಿಟ್ಟೆ. “ಇದನ್ನು ಓದಿ ಹೇಳಿ, ಮಾದಪ್ಪನವರೇ” ಎಂದೆ.

ಅವನು ಅದನ್ನು ಹೆಂಡತಿಗೆ ಕೊಟ್ಟ. ಅವಳು ಮಡಿಕೆ ಬಿಚ್ಚಲಿಲ್ಲ.

“ನೀವು ರೇಡಿಯೋದೋರು ಅಂತ ಮೊದಲ್ನೆ ದಿನವೇ ಅಂದ್ಕೊಂಡೆ” ಎಂದಳು. “ಇದನ್ನ ಬರ್ದೋಳು ನಾನೇ ಕಣ್ರೀ.”

ಮಾದಪ್ಪ ತಲೆ ಎತ್ತಿದ. “ಏನು ಬರ್ದೆ?”

“ನಿಮಗೆ ಆಟ ಕಾಣಕ್ಕಿಲ್ಲ ಅಂತ.” ನನ್ನ ಕಡೆ ತಿರುಗಿ ಹೇಳಿದಳು: “ಎರಡು ವರ್ಸದ ಹಿಂದೆ ಜ್ವರ ಬಂದು ಕಣ್ಣು ಮಂಜಾಯ್ತು. ಊರಿಗೆ ಯೋಳ್ಬ್ಯಾಡ ಅಂದ್ರು, ಯೋಳ್ಲಿಲ್ಲ. ಮೈಸೂರಿಂದ ಕಾಗ್ದ ಬಂದ್ಮೇಲೆ ಇವರ ಕಾಲು ನೆಲದ ಮೇಲಿಲ್ಲ. ಅಲ್ಲಿ ಇವರೊಬ್ರನ್ನೇ ಕೋಣೇಲಿ ಕೂರಿಸಿದ್ರೆ ಕಿವೀಲಿ ಯೋಳೋರು ಯಾರು? ದೊಡ್ಡೋರ ಮುಂದೆ ನಗೆಪಾಟ್ಲಾಗೋದ್ಕಿಂತ, ಅವರೇ ಬ್ಯಾಡ ಅಂದುಬುಡ್ಲಿ ಅಂತ ಬರ್ದೆ.”

ಮಾದಪ್ಪ ಕೋಲೂರಿ ಎದ್ದ. “ಇವತ್ತು ನನ್ನ ಹಿಂದೆ ಕೂರ್ಬ್ಯಾಡ” ಎಂದಷ್ಟೇ ಹೇಳಿದ.

ಕೃಷ್ಣರಾಜನಗರದಲ್ಲಿ ಅವನು ಹಟ ಬಿಡಲಿಲ್ಲ. ಶಿವಮ್ಮ ದೂರದ ಹೊಂಗೆಮರದ ಕೆಳಗೆ ಕುಳಿತಳು. ಕಾಲು ಗಂಟೆ ಅವನು ಜನರ ಕೂಗನ್ನೇ ಹಿಡಿದು, ಹಳೆಯ ಅನುಭವದಲ್ಲಿ ಆಟ ಕಟ್ಟಿದ. ಯಾರಿಗೂ ಗೊತ್ತಾಗಲಿಲ್ಲ. ನನ್ನ ಹಿಂದಿನ ದಿನದ ಸಂತೋಷ ಎಲ್ಲಿ ಹೋಯಿತೋ, ಅವನು ತಪ್ಪದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಆಟಗಾರನೊಬ್ಬ ಜೋರಾಗಿ ಒದ್ದ ಚೆಂಡು ಗೋಲಿನ ಬಲೆಗೆ ಹೊರಗಿನಿಂದ ಬಡಿಯಿತು. ಬಲೆ ಅಲುಗಿತು, ಒಂದು ಕಡೆಯವರು ಕೂಗಿದರು. “ಗೋಲ್!” ಎಂದ ಮಾದಪ್ಪ.

ಇನ್ನೊಂದು ಕಡೆಯವರು ಎದ್ದು ಬಂದರು. “ಕಣ್ಣು ಕಾಣಕ್ಕಿಲ್ವೇನ್ಲಾ?” “ದುಡ್ಡು ತಿಂದವ್ನೆ, ಇಳಿಸ್ರೋ ಅವನ್ನ!” ಮಣ್ಣಿನ ಹೆಂಟೆಯೊಂದು ಮೇಜಿನ ಮೇಲೆ ಬಿದ್ದು ಒಡೆಯಿತು. ಮಾದಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಯಾವ ಕಡೆ ನೋಡಬೇಕೆಂದು ತಿಳಿಯದೆ ಕುಳಿತಿದ್ದ. ನಾನು ಅವನ ಮುಂದೆ ನಿಲ್ಲುವಷ್ಟರಲ್ಲಿ ಶಿವಮ್ಮ ಗುಂಪನ್ನು ಸೀಳಿ ಬಂದು ಅವನ ಕೈಯಿಂದ ಮೈಕನ್ನು ತೆಗೆದುಕೊಂಡಳು.

“ಗೋಲಲ್ಲ ಕಣ್ರಪ್ಪಾ. ಚೆಂಡು ಬಲೆಗೆ ವರಗ್ನಿಂದ ತಾಗ್ತು. ಇವರಿಗೆ ದೂರದ್ದು ಕಾಣಕ್ಕಿಲ್ಲ. ಎರಡು ವರ್ಸದಿಂದ ಆಟ ನೋಡ್ತಿರೋಳು ನಾನು. ಬಯ್ಯೋದಿದ್ರೆ ನಂಗೆ ಬಯ್ರಿ.”

ಸದ್ದಡಗಿತು. ಗುಂಪಿನ ನಡುವಿನಿಂದ ಮುದುಕನೊಬ್ಬ ಕೂಗಿದ: “ಅದಿರ್ಲಿ, ಆಟ ಎಷ್ಟಾಯ್ತವ್ವ? ಅದನ್ನ ಯೋಳು.”

“ಇಬ್ರದೂ ಸೊನ್ನೆ. ಅರ್ಧ ಆಟಕ್ಕೆ ಇನ್ನೂ ಇಪ್ಪತ್ತು ನಿಮಿಸ ಐತೆ” ಎಂದಳು. ಜನ ಒಬ್ಬೊಬ್ಬರಾಗಿ ಕುಳಿತರು. ಅವಳು ಮೈಕನ್ನು ಗಂಡನ ಮುಂದಿಟ್ಟು, ಹಿಂದೆ ಕೂರದೆ ಪಕ್ಕದಲ್ಲಿ ಕುಳಿತಳು. ಮಾದಪ್ಪ ಅವಳ ಕಡೆ ಕಿವಿ ವಾಲಿಸಿದ.

ನಾಲ್ಕನೆಯ ದಿನ ಹೆಗ್ಗಡದೇವನಕೋಟೆ. ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಆಟ ನಡೆಸುತ್ತಿದ್ದ ಮರದ ವ್ಯಾಪಾರಿ ಮುಖ ಗಂಟಿಕ್ಕಿದ. “ಎಂಗಸ್ರು ಮೈಕಲ್ಲಿ ಕೂಗೋದಾ? ಇದೆಲ್ಲ ಏನೋ ಮಸಲತ್ತು” ಎಂದ.

“ಅವಳು ಯೋಳ್ದಿದ್ರೆ ನಾನೂ ಯೋಳಕ್ಕಿಲ್ಲ” ಎಂದ ಮಾದಪ್ಪ. “ಬ್ಯಾಡ ಅಂದ್ರೆ ಈ ಬಸ್ಸಿಗೇ ವಾಪಸ್ ಓಯ್ತೀವಿ.” ಮೈದಾನದ ಸುತ್ತ ಆಗಲೇ ಜನ ತುಂಬಿದ್ದರು. ವ್ಯಾಪಾರಿ ಗೊಣಗುತ್ತಾ ಇನ್ನೊಂದು ಕುರ್ಚಿ ತರಿಸಿದ.

ಮೈಸೂರಿಗೆ ಮರಳಿ ಕಂಡದ್ದನ್ನೆಲ್ಲ ಬರೆದುಕೊಟ್ಟೆ. ಇಬ್ಬರನ್ನೂ ಒಟ್ಟಿಗೆ ಕರೆಸಬೇಕೆಂದೂ ಸೇರಿಸಿದೆ. ‘ಒಂದು ಕೆಲಸಕ್ಕೆ ಇಬ್ಬರೇ? ಯಾರಾದರೂ ಒಬ್ಬರ ಹೆಸರು ಹೇಳು’ ಎಂದರು ಅಧಿಕಾರಿಗಳು. ನಾನು ಹೇಳಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಅವನ ಕಣ್ಣಿನ ವಿಷಯ ಬರೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಒಮ್ಮೊಮ್ಮೆ ಮನಸ್ಸು ಕೊರೆಯುತ್ತದೆ. ಆ ನಾಲ್ಕು ತಾಲ್ಲೂಕುಗಳಲ್ಲಿ ಮಾತ್ರ ಅವರಿಬ್ಬರೂ ಮುಂದೆ ಬಹಳ ವರ್ಷ ಆಟ ಹೇಳಿದರೆಂದು ಕೇಳಿದ್ದೇನೆ.

ಹೆಗ್ಗಡದೇವನಕೋಟೆಯಿಂದ ಹೊರಟ ಆ ಸಂಜೆ ಚೆನ್ನಾಗಿ ನೆನಪಿದೆ. ಆಟ ಮುಗಿಯುವ ಮೊದಲೇ ಬಸ್ಸು ಹಿಡಿಯಬೇಕಾಯಿತು. ಹಂಪಾಪುರದ ಮೇಲೆ ಮೈಸೂರಿಗೆ ಅದೇ ಕೊನೆಯ ಬಸ್ಸು. ಮೈದಾನದ ಹತ್ತಿರ ಯಾರನ್ನೋ ಹತ್ತಿಸಿಕೊಳ್ಳಲು ನಿಂತಿತು. ಮೈದಾನದಲ್ಲಿ ಮಾದಪ್ಪನ ದನಿ ಹೊಳೆಯಂತೆ ಏರುತ್ತಿತ್ತು, ಜನ ಹುಚ್ಚೆದ್ದು ಕೂಗುತ್ತಿದ್ದರು. ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಚಾಚಿದರು.

“ಗೋಲಾಯ್ತು, ಹೊರಡಪ್ಪ” ಎಂದ ಒಬ್ಬ.

“ತಡೀರಿ, ಆಯಮ್ಮ ಇನ್ನೂ ಯೋಳಿಲ್ಲ” ಎಂದ ಕಂಡಕ್ಟರ್, ಸೀಟಿಯನ್ನು ತುಟಿಯ ಹತ್ತಿರ ಹಿಡಿದುಕೊಂಡೇ.

ಮಾದಪ್ಪ ಸುಮ್ಮನಾದ. ಮೈಕಿನಲ್ಲಿ ಶಿವಮ್ಮನ ಸಾದಾ ದನಿ ಬಂತು: “ಊ, ಗೋಲು.”

ಕಂಡಕ್ಟರ್ ಸೀಟಿ ಊದಿದ.