ಕ್ಯಾಮೆರಾದ ತಿದಿಗೆ ರಾಗಿ ಅಂಟು

ಯಲ್ದೂರಿನ ಸುತ್ತಮುತ್ತ ನನ್ನ ಭಾವ ಫೋಟೋ ತೆಗೆಯದ ವಸ್ತುವೇ ಇಲ್ಲ. ಮದುವೆ, ನಾಮಕರಣ, ಎಮ್ಮೆ, ಮೊದಲ ಸಲ ಕಾಯಿ ಬಿಟ್ಟ ಮಾವಿನ ಗಿಡ, ಒಂದು ವರ್ಷ ಭಾರೀ ಗಾತ್ರದ ಕುಂಬಳಕಾಯಿ. ಬಿಟ್ಟಿದ್ದು ಹೆಂಡತಿಯನ್ನು ಮಾತ್ರ, ಅಂದರೆ ನನ್ನ ಅಕ್ಕನನ್ನು. ಐವತ್ತು ವರ್ಷದಿಂದ ಅವಳ ಸರದಿ ಬಂದಾಗಲೆಲ್ಲ ರೀಲು ಮುಗಿದಿರುತ್ತಿತ್ತು.

ಹೋದ ವರ್ಷ ಅಕ್ಕ ಹಟ ಹಿಡಿದಳು. ಮೊಮ್ಮಕ್ಕಳ ಮೊಬೈಲಿನ ಫೋಟೋ ಬೇಡ, ಭಾವನ ಹಳೇ ಮಡಚುವ ಕ್ಯಾಮೆರಾದಲ್ಲೇ, ಭಾವನೇ ತೆಗೆಯಬೇಕು. ಕಣ್ಣಿನ ಆಪರೇಷನ್ ಆಗಿದೆ ಎಂಬ ನೆಪ ಹೇಳಲು ಭಾವ ಬಾಯಿ ತೆರೆಯುವಷ್ಟರಲ್ಲಿ ಅವಳು, "ಕುಂಬಳಕಾಯಿ ನೆನಪೈತೆ ನಂಗೆ" ಅಂದಳು. ಭಾವ ಕ್ಯಾಮೆರಾ ತಂದು ಧೂಳು ಒರೆಸತೊಡಗಿದರು.

ಬೆಂಗಳೂರಿನಿಂದ ರೀಲು ತರಿಸಿದೆ. ಒಂದು ರೀಲಿಗೆ ಎಂಟು ಫೋಟೋ. ತೊಳೆಸಿ ತಂದರೆ ಎಂಟರಲ್ಲೂ ಅಕ್ಕನ ಮುಖದ ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ ಬರೆ. ಅಕ್ಕನಿಗೆ ಅಳು ಬಂದಿತ್ತು, ಆದರೆ ಅಳು ಬಂದರೆ ಬೈಯುವುದು ಅವಳ ಸ್ವಭಾವ. ಬೈಸಿಕೊಳ್ಳುತ್ತಲೇ ನಾನು ಕಾರಣ ಕಂಡುಹಿಡಿದೆ. ಕ್ಯಾಮೆರಾದ ಮುಂಭಾಗ ಎಳೆದರೆ ಹಾರ್ಮೋನಿಯಂ ಥರ ಬಿಚ್ಚಿಕೊಳ್ಳುವ ಕಪ್ಪು ಚರ್ಮದ ತಿದಿ ಇದೆಯಲ್ಲ, ಅದರ ಮಡಿಕೆಗಳಲ್ಲಿ ತೂತು ಬಿದ್ದು ಬೆಳಕು ಒಳಗೆ ನುಗ್ಗುತ್ತಿತ್ತು. ರಿಪೇರಿ ನನಗೇ ಬಿಡಿ ಅಂದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಬೆಳಕಿನ ಪಾಠ ಮಾಡಿದವನು ನಾಲ್ಕು ತೂತು ಮುಚ್ಚಲಾರೆನೇ?

ತೂತು ಹುಡುಕಲು ಕತ್ತಲೆ ಬೇಕು. ಮಟಮಟ ಮಧ್ಯಾಹ್ನ ರಾಗಿ ಮೂಟೆ ಇಡುವ ಕೋಣೆಗೆ ಹೋಗಿ, ಕಂಬಳಿ ಹೊದ್ದು, ತಿದಿಯೊಳಗೆ ಪುಟ್ಟ ಟಾರ್ಚ್ ಇಟ್ಟೆ. ಮಡಿಕೆಯ ಮೂಲೆಮೂಲೆಯಲ್ಲೂ ಬೆಳಕಿನ ಚುಕ್ಕಿ. ಗಟ್ಟಿಯಾಗಿ ಹನ್ನೊಂದರ ತನಕ ಎಣಿಸಿದ್ದೆ. ಅಷ್ಟರಲ್ಲಿ ರಾಗಿಗೆಂದು ಬಂದ ಕೆಲಸದಾಕೆ, ಗೌನಿಪಲ್ಲಿ ಕಡೆಯವಳು, ಮಿನುಗುತ್ತಾ ಗೊಣಗುತ್ತಿದ್ದ ಕಂಬಳಿಯನ್ನು ಕಂಡು ತೆಲುಗಿನಲ್ಲಿ ದೆವ್ವ ದೆವ್ವ ಎಂದು ಕೂಗಿ ಕೈಯಲ್ಲಿದ್ದ ಮೊರ ಎಸೆದಳು. ಅದು ನೇರ ನನ್ನ ತಲೆಗೇ ಬಿತ್ತು. ಅಕ್ಕ ಓಡಿಬಂದು ಕಂಬಳಿ ಎತ್ತಿ ನೋಡಿದಳು.

"ದೆಯ್ಯಂ ಅಲ್ಲ ಕಣೇ, ನನ್ನ ತಮ್ಮ. ದೆಯ್ಯಕ್ಕಾದ್ರೆ ಸ್ವಲ್ಪ ಬುದ್ಧಿ ಇರ್ತೈತೆ" ಅಂದಳು.

ತೂತು ಮುಚ್ಚಲು ಯಾವುದೋ ಕಪ್ಪು ರಬ್ಬರ್ ಬಣ್ಣ ಹಚ್ಚಿ ಎಂದು ಮೊಬೈಲ್ ಹೇಳಿತು. ಕೋಲಾರವೆಲ್ಲ ಹುಡುಕಿದೆ, ಸಿಗಲಿಲ್ಲ. ನಿಜ ಹೇಳಬೇಕೆಂದರೆ ಎರಡು ಅಂಗಡಿಗೇ ಸಾಕಾಗಿತ್ತು. ನಮ್ಮ ಮನೆಯಲ್ಲಿ ಗಾಳಿಪಟದಿಂದ ಹಿಡಿದು ಮಾವಿನ ಬಾಕ್ಸಿನ ಚೀಟಿಯವರೆಗೆ ಏನು ಅಂಟಿಸಬೇಕಾದರೂ ರಾಗಿ ಗಂಜಿಯೇ. ರಾಗಿ ತಿಂದವ ನಿರೋಗಿ ಅಂತಾರೆ, ಕ್ಯಾಮೆರಾ ಮಾತ್ರ ಏನು ಪಾಪ ಮಾಡಿತ್ತು? ಹಿಟ್ಟು ಬೇಯಿಸಿ, ದೀಪದ ಮಸಿ ಕಲಸಿ ಕರ್ರಗೆ ಮಾಡಿದೆ. ಒಣಗಿದ ಮೇಲೆ ಬಿರುಕು ಬಿಡಬಾರದಲ್ಲ, ಬೆಲ್ಲ ತೇವ ಹಿಡಿದಿಡುತ್ತದೆ ಎಂಬ ವಿಜ್ಞಾನ ನೆನಪಾಗಿ ಒಂದು ಉಂಡೆ ಬೆಲ್ಲವನ್ನೂ ಹಾಕಿದೆ. ಕಡ್ಡಿಯಿಂದ ಎಲ್ಲ ತೂತಿಗೂ ಹಚ್ಚಿ ಮತ್ತೆ ಟಾರ್ಚ್ ಇಟ್ಟರೆ ಒಂದು ಚುಕ್ಕಿಯೂ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡು, ಅಡುಗೆಮನೆಯ ಕಿಟಕಿಯಲ್ಲಿ ಎರಡು ದಿನ ಒಣಗಲು ಇಟ್ಟೆ.

ಭಾವ ಹೊಸ ರೀಲು ಹಾಕಿಕೊಂಡು ಅಕ್ಕನನ್ನು ಮಾವಿನ ಮರದ ಕೆಳಗೆ ನಿಲ್ಲಿಸಿದರು. ಆ ಕಡೆ ಜರುಗು, ಈ ಕಡೆ ಜರುಗು, ಗಲ್ಲ ಎತ್ತು ಎಂದು ಒಂದು ಗಂಟೆ ಕಳೆದರು. ರೇಷ್ಮೆ ಸೀರೆಯುಟ್ಟ ಅಕ್ಕ ಹಲ್ಲು ಕಾಣದ ಹಾಗೆ ನಗುತ್ತಾ ಏಳು ಫೋಟೋ ತಾಳಿಕೊಂಡಳು. ಎಂಟನೆಯದಕ್ಕೆ ಒಳಗಿನಿಂದ ಸಾರು ಸೀದ ವಾಸನೆ ಬಂತು.

ಈ ಸಲ ಬಿಳಿ ಬರೆ ಒಂದೂ ಇರಲಿಲ್ಲ. ಇರುವೆಗಳಿದ್ದವು. ಬೆಲ್ಲದ ಜಾಡು ಹಿಡಿದು ತಿದಿಯೊಳಗೆ ಸಂಸಾರ ಹೂಡಿದ್ದವು. ರೀಲಿನ ಮೇಲೂ ಓಡಾಡಿ, ಎಲ್ಲೆಲ್ಲಿ ಇದ್ದವೋ ಅಲ್ಲೆಲ್ಲ ಫೋಟೋದಲ್ಲಿ ಕರ್ರಗೆ ಮೂಡಿದ್ದವು. ಒಂದರಲ್ಲಿ ಅಕ್ಕನಿಗೆ ಮೀಸೆ. ಇನ್ನೊಂದರಲ್ಲಿ ಮೂರು ಹುಬ್ಬು. ಅಕ್ಕ ಬೈಯಲಿಲ್ಲ. ಒಂದೊಂದಾಗಿ ನೋಡಿ ಸುಮ್ಮನೆ ಕೆಳಗಿಟ್ಟಳು, ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಎಂಟನೆಯದರಲ್ಲಿ ಇರುವೆ ಇರಲಿಲ್ಲ. ಆದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿ ಇಷ್ಟಗಲ ತೆರೆದು, ಕೈ ಎತ್ತಿ ಭಾವನಿಗೆ ಬೈಯುತ್ತಿದ್ದಳು. ಅವಳು ಅದನ್ನು ಮಗುಚಿ ಹಾಕಿದಳು. ಭಾವ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ತುಂಬಾ ಹೊತ್ತು ನೋಡಿದರು.

"ಇದು ಸರಿಯಾಗಿ ಬಂದೈತೆ" ಅಂದರು. "ಆ ನಗ್ತಾ ನಿಂತಿರೋಳು ಯಾರೋ ನಂಗೊತ್ತಿಲ್ಲ. ನಾನು ಐವತ್ತು ವರ್ಷದಿಂದ ನೋಡ್ತಿರೋದು ಇವಳನ್ನೇ."

ಅಕ್ಕ ಭಾವನ ಕೈಯಿಂದ ಫೋಟೋ ಕಿತ್ತುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ, ಅದನ್ನು ಮುಳಬಾಗಿಲಿನಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಭಾವ ಊಟಕ್ಕೆ ಕೂರುವ ಜಾಗದ ಎದುರಿಗೇ ಮೊಳೆ ಹೊಡಿ ಎಂದು ನನಗೆ ಹೇಳಿದಳು.

"ನಾನಿಲ್ದಾಗ್ಲೂ ಬೈಸ್ಕೊಂಡೇ ಉಣ್ಲಿ" ಅಂದಳು.

ಭಾವ ತಾವೇ ಸುತ್ತಿಗೆ ತರಲು ಹೊರಟರು.